ದ್ರೌಪದಿಯ ಮೊಲಗಳೂ ಗೌಡರ ಉಪ್ಪಿನ ಗಡ್ಡೆಯೂ

ಹೆಸರು ದ್ರೌಪದಿ ಎಂದಿಟ್ಟ ಮೇಲೆ ತುಂಬಿದ ಸಭೆಯಲ್ಲಿ ಸೀರೆಗೆ ಕುತ್ತು ಬರುವುದು ತಪ್ಪುವುದಿಲ್ಲವೇನೋ. ಆಳಂದದ ದೌಲತರಾಯ ಗೌಡರ ವಾಡೆಯ ಅಂಗಳದಲ್ಲಿ, ಹಾಡಹಗಲು ಹನ್ನೊಂದು ಗಂಟೆಗೆ, ಗೌಡರು, ಅವರ ಹೆಂಡತಿ ಶಿವಕಾಂತಾ, ದನದ ದವಾಖಾನೆಯ ಡಾಕ್ಟರ್ ಮೆಹಬೂಬ ಸಾಹೇಬರು, ಇಷ್ಟು ಜನರ ಕಣ್ಣೆದುರಿಗೇ ಅದು ನಡೆಯಿತು. ಈ ಸಲ ಸೀರೆಗೆ ಬಂದದ್ದು ಕೈಯಲ್ಲ, ಬಾಯಿ. ಅದೂ ಒಂದು ಬಿಳಿ ಮೊಲದ ಬಾಯಿ.

ಸೀರೆ ಆಕೆಯದೂ ಅಲ್ಲ, ನಾದಿನಿ ತುಳಜಾಬಾಯಿಯದು. ಹನ್ನೆರಡು ವರ್ಷದಿಂದ ವಾಡೆಯ ಹಿತ್ತಲ ಬಾಗಿಲಲ್ಲಿ ಬಂದು, ದನದ ಮನೆಯ ಸಗಣಿ ಬಾಚಿ, ಹಿತ್ತಲ ಬಾಗಿಲಲ್ಲೇ ಹೋಗುತ್ತಿದ್ದವಳಿಗೆ ಅಂದು ಮೊದಲ ಸಲ ಮುಂದಿನ ಅಂಗಳಕ್ಕೆ ಕರೆ ಬಂದಿತ್ತು. ಡಾಕ್ಟರು ಮೊಲಗಳ ತಪಾಸಣೆ ಮಾಡುವವರಿದ್ದರು. ಅವನ್ನು ಹಿಡಿದುಕೊಳ್ಳಲು ಒಬ್ಬರು ಬೇಕಾಗಿತ್ತು. ವಾಡೆಯಲ್ಲಿ ಎಲ್ಲರಿಗೂ ಮೊಲ ನೋಡಲು ಪ್ರೀತಿ, ಹಿಡಿಯಲು ಭೀತಿ. ತಾಯಿ ಸತ್ತ ಆಡಿನ ಮರಿಗಳನ್ನೆಲ್ಲ ಉಡಿಯಲ್ಲಿಟ್ಟುಕೊಂಡು ಸಾಕಿದವಳು ದ್ರೌಪದಿಯೊಬ್ಬಳೇ. ಸರಿ, ಮುಂದಿನ ಅಂಗಳವೆಂದರೆ ಸುಮ್ಮನೆಯೇ? ನಾದಿನಿಯ ಪೆಟ್ಟಿಗೆಯಿಂದ ಇಳಕಲ್ಲ ಸೀರೆ ಹೊರಗೆ ಬಂತು.

ಬಿಸಿಲಿಗೂ ಭಯಕ್ಕೂ ಆಕೆ ತೊಯ್ದು ತೊಪ್ಪೆಯಾಗಿದ್ದಳು. ಸೆರಗಿನಿಂದ ಮುಖ, ಕುತ್ತಿಗೆ ಒರೆಸಿಕೊಂಡು, ಅದನ್ನೇ ಸೊಂಟಕ್ಕೆ ಸಿಕ್ಕಿಸಿ, ದೊಡ್ಡ ಗಂಡುಮೊಲವನ್ನು ಮಡಿಲಲ್ಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕುಳಿತಳು. ಡಾಕ್ಟರು ಕಿವಿ ನೋಡಿದರು, ಹಲ್ಲು ನೋಡಿದರು, ಗೌಡರೊಡನೆ ಹೈದರಾಬಾದಿನ ಸುದ್ದಿ ಮಾತಾಡಿದರು, ಚಹಾ ಕುಡಿದರು. ಆಮೇಲೆ "ಹಾಂ, ಏಳವಾ" ಎಂದರು.

ದ್ರೌಪದಿ ಎದ್ದಳು. ಸೊಂಟದ ಬದಿಗೆ ಜೋಳದ ರೊಟ್ಟಿಯಷ್ಟಗಲ ಕಿಟಕಿ! ಮೊಲದ ತುಟಿಯಿಂದ ಕೆಂಪು ದಡಿಯ ಒಂದೆಳೆ ಮೀಸೆಯಂತೆ ಜೋತುಬಿದ್ದಿತ್ತು.

"ಅಯ್ಯ, ಸೆರಗ ಮುಂದ ತಗೋ ಬೇ!" ಎಂದು ಶಿವಕಾಂತಾ ಕೂಗಿದರು. ಗೌಡರು ಗೌರವದಿಂದ ಗೋಡೆಯ ಕಡೆ ತಿರುಗಿದರು. ಡಾಕ್ಟರು ಮಾತ್ರ ಕುರ್ಚಿಯಿಂದ ಜಿಗಿದೆದ್ದರು.

"ನೋಡಿದ್ರ್ಯಾ ಗೌಡ್ರ! ಬೆವರ ಬಟ್ಟೀನ ಹುಡುಕಿ ಹುಡುಕಿ ತಿಂತು! ಯಾಕ? ನಮಕ್! ಇವುಕ್ಕ ಉಪ್ಪು ಕಮ್ಮಿ ಬಿದ್ದದ!"

"ನಾ ಮೊದಲೇ ಹೇಳಿದ್ದಿಲ್ಲೇನ್ರಿ ಸಾಹೇಬ್ರ?" ಎಂದರು ಗೌಡರು ಗೋಡೆಗೇ. "ಎತ್ತಿಗಿ ಉಪ್ಪು ಬೇಕು, ಎಮ್ಮಿಗಿ ಉಪ್ಪು ಬೇಕು, ಮೊಲ ಏನ್ ಪಾಪ ಮಾಡೇತಿ? ಒಂದ ಸೈಂಧವ ಉಪ್ಪಿನ ಗಡ್ಡಿ ತೂಗ ಹಾಕಿದ್ರ ಮುಗೀತು."

"ಬರೀ ಉಪ್ಪಲೇ ಏನಾಗ್ತದ್ರಿ? ಸುಣ್ಣ ಬೇಕು, ಕಬ್ಬಿಣ ಬೇಕು. ನಾ ಪುಡಿ ಕಳಸ್ತೇನಿ."

"ಗಡ್ಡಿ ಇದ್ದಮ್ಯಾಗ ಪುಡಿ ಯಾಕ್ರಿ?"

"ಪುಡಿ ಇದ್ದಮ್ಯಾಗ ಗಡ್ಡಿ ಯಾಕಂತ ನಾ ಕೇಳಾಕತ್ತೇನಿ!"

ದೇಶದಲ್ಲಿ ಉಪ್ಪಿನ ಸತ್ಯಾಗ್ರಹ ಮುಗಿದು ಹತ್ತು ವರ್ಷವಾಗಿತ್ತು. ಆಳಂದದಲ್ಲಿ ಉಪ್ಪಿನ ದುರಾಗ್ರಹ ಅಂದು ಶುರುವಾಯಿತು.

ಈ ಮೊಲಗಳ ಮೂಲ ಹೇಳಬೇಕು. ಅವು ಗೌಡರವಲ್ಲ. ತಹಶೀಲ್ದಾರರ ಬೇಗಂ ಶಮ್ಸುನ್ನಿಸಾ ಅವರವು. ತಹಶೀಲ್ದಾರರಿಗೆ ಹೈದರಾಬಾದಿಗೆ ವರ್ಗವಾದಾಗ ಬೇಗಂ ಆರೂ ಮೊಲಗಳನ್ನು ಬುಟ್ಟಿಯಲ್ಲಿ ತಂದು ಗೆಳತಿ ಶಿವಕಾಂತಾ ಅವರ ಮುಂದಿಟ್ಟು, "ಬಹನ್, ಉರುಸಿಗೆ ಬರ್ತೀನಿ, ಅಲ್ಲೀತನಕ ಇವು ನಿಮ್ಮ ಹತ್ರ ಅಮಾನತ್" ಎಂದು ಕಣ್ಣೊರೆಸಿಕೊಂಡು ಹೋಗಿದ್ದರು. ಅಮಾನತ್ ಎಂದರೆ ಹುಡುಗಾಟವಲ್ಲ. ನಂಬಿ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಹಿಂದಿರುಗಿಸಬೇಕು. ಶಿವಕಾಂತಾ ಟೊಂಕ ಕಟ್ಟಿ ಮೊಲಗಳ ಸೇವೆಗೆ ನಿಂತರು. ನಡುಮನೆಯಲ್ಲಿ ಗಾದಿ, ಬೆಳ್ಳಿ ಬಟ್ಟಲಲ್ಲಿ ಊರ ಸಿಹಿ ಬಾವಿಯ ನೀರು, ಬೆಳಿಗ್ಗೆ ಗೋದಿ ಹುಗ್ಗಿ, ಸಂಜೆ ಹೋಳಿಗೆ, ನಡುವೆ ಬೇಸರವಾದರೆ ಅನ್ನ ತುಪ್ಪ. ಎರಡು ತಿಂಗಳಲ್ಲಿ ಎರಡು ಮೊಲ ಈ ಸುಖ ತಾಳಲಾರದೆ ಸತ್ತವು. ಉಳಿದ ನಾಲ್ಕು ಹಗಲಿಡೀ ಗೋಡೆಯ ಸುಣ್ಣ ನೆಕ್ಕುತ್ತ ಕುಳಿತವು. ಆಗಲೇ ಡಾಕ್ಟರಿಗೆ ಕರೆ ಹೋದದ್ದು, ತುಳಜಾಬಾಯಿಯ ಸೀರೆಗೆ ಕಿಟಕಿ ಬಿದ್ದದ್ದು.

ಡಾಕ್ಟರು ಹೋದ ಮೇಲೆ ಶಿವಕಾಂತಾ ದ್ರೌಪದಿಯನ್ನು ಹಿತ್ತಲಿಗೆ ಕರೆದರು. ಗಂಡುಮೊಲ ಇನ್ನೂ ಆಕೆಯ ಮಡಿಲಲ್ಲೇ ನಿದ್ದೆ ಹೋಗಿತ್ತು.

"ನಿನ್ನ ಹಂತ್ಯಾಕ ಇವು ಸುಮ್ಮನ ಕುಂದರ್ತಾವು. ದನದ ಮನಿ ಮೂಲ್ಯಾಗ ಗೂಡು ಮಾಡಿಸ್ತೇನಿ. ಇವತ್ತಿಂದ ಇವುಕ್ಕ ನೀನ ತಾಯಿ. ಖರೇ ಒಂದ ಮಾತ ಕೇಳ್ಕೋ. ಈ ನಾಲ್ಕರಾಗ ಒಂದ ಸತ್ತರೂ ನೀ ಈ ವಾಡೇದ ಹೊಸ್ತಿಲಾ ತುಳಿಬ್ಯಾಡ. ನಾಲ್ಕೂ ಉಳಿದ್ರ ಬೇಗಂಗ ಹೇಳಿ ಒಂದ ಜೋಡಿ ನಿನಗ ಕೊಡಸ್ತೇನಿ."

"ನನಗ ರೀ?"

"ನಿನಗ ಅಲ್ಲದ ಮತ್ತ ನಿನ್ನ ಎಮ್ಮಿಗೇನ?"

"ನಮಗ ಎಮ್ಮಿ ಎಲ್ಲೈತ್ರಿ ಅವ್ವಾರ?" ಎಂದಳು ದ್ರೌಪದಿ. ಬಾಯಲ್ಲಿ ಹೀಗೆಂದರೂ ಕೈ ಆಗಲೇ ಮಡಿಲ ಮೊಲದ ಬೆನ್ನು ಸವರುತ್ತಿತ್ತು. ಬೇರೆಯವರ ಆಡು, ಬೇರೆಯವರ ಕರು, ಬೇರೆಯವರ ಸೀರೆ ಎಂದು ಮೂವತ್ತು ವರ್ಷ ಕಳೆದವಳು ಆಕೆ. ತನ್ನದು ಎನ್ನಲು ಜೀವವಿರುವ ಒಂದು ಪ್ರಾಣಿ! ಮನೆ ಮುಟ್ಟುವಷ್ಟರಲ್ಲಿ ಜೋಡಿಯಲ್ಲಿ ಹೆಣ್ಣು ಯಾವುದೆಂಬುದೂ ಗೊತ್ತಾಗಿಬಿಟ್ಟಿತ್ತು. ಹೆಣ್ಣುಗಳಲ್ಲಿ ಚಿಕ್ಕದು, ಮೂಗು ಸದಾ ಕುಣಿಸುವುದು, ಅದಕ್ಕೆ ಬತ್ತಾಸಿ ಎಂದು ಹೆಸರೂ ಇಟ್ಟಾಗಿತ್ತು.

ದ್ರೌಪದಿ ಹುಟ್ಟಿದ್ದು ಸರಸಂಬಾದಲ್ಲಿ. ಕೊಟ್ಟದ್ದು ಆಳಂದದ ಹೊರಗೇರಿಯ ದಶರಥನಿಗೆ. ದ್ರೌಪದಿಗೆ ಗಂಡ ದಶರಥ. ಎರಡು ಪುರಾಣ ಒಂದೇ ಒಲೆಯ ಮುಂದೆ ಕೂತಂತಾಯಿತೆಂದು ಮದುವೆಯಲ್ಲಿ ನಕ್ಕವರೇ ಎಲ್ಲ. ಆಕೆಗೆ ಐವರಿರಲಿಲ್ಲ, ಅವನಿಗೆ ಮೂವರಿರಲಿಲ್ಲ, ಒಬ್ಬರಿಗೊಬ್ಬರು ಸಾಕಾಗಿ ಹೋಗಿದ್ದರು. ಬಂದ ದಿನ ಕೇರಿಯ ಬಾವಿಯ ನೀರನ್ನು ಬಾಯಿಗಿಟ್ಟು ಥೂ ಎಂದು ಉಗುಳಿದ ಮದುಮಗಳಿಗೆ ಅತ್ತೆ, "ಅಳಬ್ಯಾಡ, ವರ್ಷ ತುಂಬೋದ್ರಾಗ ನಾಲಿಗಿ ಮರೀತೈತಿ" ಎಂದಿದ್ದಳು. ಹಾಗೆಯೇ ಆಯಿತು. ಈಗ ತವರಿಗೆ ಹೋದರೆ ಸರಸಂಬಾದ ನೀರೇ ಸಪ್ಪೆ.

ಗಂಡನಿಗೆ ಮೊಲದ ಸುದ್ದಿ ಹೇಳಿದಾಗ ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಗೌಡಸಾನಿ ಹುಗ್ಗಿ ತಿನಿಸಿ ಉಳಸ್ಲಿಲ್ಲ, ನೀ ಏನ್ ತಿನಸ್ತೀ?"

"ಹುಲ್ಲು."

"ಬರೇ ಹುಲ್ಲ?"

"ಮೊಲ ಹುಲ್ಲ ತಿನ್ನಲಾರದ ಮತ್ತ ಹುಗ್ಗಿ ತಿಂತೈತೇನ? ಅದೇನ್ ಬೀಗರ ಮನಿಗಿ ಬಂದೇತಿ?"

ಮರುದಿನದಿಂದ ಶುರು. ಬೆಳಗಾದರೆ ಹೊಲದ ಬದುವಿನ ಕರಿಕೆ ಹುಲ್ಲು, ಹತ್ತರಕಿ ಸೊಪ್ಪು, ಒಣಗಿದ ಜೋಳದ ರವದಿ, ಒಂದು ಹಿಡಿ ಕಡಲೆ ಹೊಟ್ಟು. ವಾಡೆಯ ನೀರಿನ ಹಂಡೆಗೆ ಆಕೆ ಕೈ ಹಚ್ಚುವ ಹಾಗಿರಲಿಲ್ಲ. ಅಡಿಗೆಯವರನ್ನು ಕೇಳಿ ಕಾಯುತ್ತ ನಿಲ್ಲುವ ಬದಲು ತಲೆಯ ಮೇಲೆ ಹುಲ್ಲು, ಸೊಂಟದಲ್ಲಿ ಕೊಡ ಹೊತ್ತು ಮನೆಯಿಂದಲೇ ಬಂದುಬಿಡುತ್ತಿದ್ದಳು. ಎಂಟು ದಿನದಲ್ಲಿ ಮೊಲಗಳು ಗೋಡೆ ನೆಕ್ಕುವುದನ್ನು ಬಿಟ್ಟವು. ಹದಿನೈದು ದಿನದಲ್ಲಿ ಕಿವಿ ನೆಟ್ಟಗಾದವು. ತಿಂಗಳಿಗೆ ಬತ್ತಾಸಿ ಗೂಡಿನ ಆ ತುದಿಯಿಂದ ಈ ತುದಿಗೆ ಗಾಳಿಯಲ್ಲೇ ಮೈ ತಿರುವಿ ಹಾರತೊಡಗಿತು. ಉಳಿದವಕ್ಕೂ ಹೆಸರು ಬಂತು. ಮೈ ದುಂಡಗಾದ ಹೆಣ್ಣು ಬೆಣ್ಣಿ. ಎಲ್ಲರದೂ ತಿಂದು, ಏನೂ ಮಾಡದೆ, ಕಣ್ಣು ಮುಚ್ಚಿ ಕೂರುತ್ತಿದ್ದ ದೊಡ್ಡ ಗಂಡು ತಾಸಿಲ್ದಾರ. ಕಚೇರಿಯ ಗುಮಾಸ್ತನ ಹಾಗೆ ಅದರ ಹಿಂದೆ ಹಿಂದೆಯೇ ಓಡಾಡುತ್ತಿದ್ದ ಸಣ್ಣ ಗಂಡು ಪೇಶಕಾರ.

ಇತ್ತ ಗೌಡರ ಗಡ್ಡೆ ಬಂತು. ತೆಂಗಿನಕಾಯಿಯಷ್ಟು ದೊಡ್ಡ ಸೈಂಧವ ಉಪ್ಪು, ನಸುಗೆಂಪು ಬಣ್ಣ. ಗೌಡರು ತಾವೇ ನಿಂತು ಅದನ್ನು ಗೂಡಿನ ಬದಿಗೆ ಹಗ್ಗದಲ್ಲಿ ಕಟ್ಟಿಸಿದರು. ತಾಸಿಲ್ದಾರ ಬಂದು ಮೂಸಿತು. ಒಂದು ಸಲ ನೆಕ್ಕಿತು. ಗೌಡರು ಉಸಿರು ಬಿಗಿಹಿಡಿದರು. ಮೊಲ ತಿರುಗಿ, ಗಡ್ಡೆಗೆ ಬೆನ್ನು ಮಾಡಿ ಕುಳಿತು, ಮತ್ತೆ ಕಣ್ಣು ಮುಚ್ಚಿತು.

"ನಾಚಿಕಿ ಅದಕ್ಕ. ನಾವ್ ಹೋದಮ್ಯಾಗ ನೆಕ್ತೈತಿ" ಎಂದರು ಗೌಡರು.

ನಾಲ್ಕು ದಿನ ಬಿಟ್ಟು ಬಂದು ನೋಡಿದರೆ ಗಡ್ಡೆ ನಿಜವಾಗಿಯೂ ಸವೆದಿತ್ತು! ಗೌಡರ ಸಂಭ್ರಮ ಹೇಳತೀರದು. ದಿನಾ ಬಂದು ಬೊಗಸೆಯಲ್ಲಿ ಅಳೆದು, ಚಾವಡಿಯಲ್ಲಿ ಕುಳಿತು, "ಇವತ್ತ ಎರಡ ಬಟ್ಟ ಇಳದೈತಿ" ಎಂದು ಊರಿಗೆಲ್ಲ ವರದಿ ಒಪ್ಪಿಸುತ್ತಿದ್ದರು. ಉಪ್ಪು ಇಳಿದಷ್ಟೂ ಅವರ ಉಬ್ಬು ಏರುತ್ತಿತ್ತು. ಗೂಡಿನ ಪಕ್ಕಕ್ಕೆ ಕಟ್ಟಿದ್ದ ಕೌಲಿ ಆಕಳು ಬಿದಿರಿನ ಸಂದಿಯಿಂದ ಗೇಣುದ್ದ ನಾಲಿಗೆ ಚಾಚುವುದನ್ನು ದ್ರೌಪದಿ ಮಾತ್ರ ದಿನಾ ನೋಡುತ್ತಿದ್ದಳು.

"ಗೌಡ್ರಿಗೆ ಹೇಳಬೇಕೇನ?" ಎಂದು ಗಂಡನನ್ನು ಕೇಳಿದಳು.

"ಕೇಳಿದ್ರ ಹೇಳು. ಕೇಳಿದ್ರೇನ?"

"ಇಲ್ಲ."

"ಮತ್ತ ಸುಮ್ಕಿರು."

ಡಾಕ್ಟರ ಪುಡಿಯೂ ತಡಮಾಡಲಿಲ್ಲ. ಹಸಿರು ಡಬ್ಬಿಯಲ್ಲಿ ತಾವೇ ಹೊತ್ತು ತಂದರು. ಶಿವಕಾಂತಾ ಮಿಂದು, ಹಣೆಗೆ ವಿಭೂತಿ ಧರಿಸಿ, ಪೂಜೆ ಮುಗಿಸಿ ಹೊರಗೆ ಬಂದ ಹೊತ್ತು. ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡು ಭಕ್ತಿಯಿಂದ ಕೇಳಿದರು: "ಇದ್ರಾಗ ಏನೇನದಾವ್ರಿ ಸಾಹೇಬ್ರ?"

ಡಾಕ್ಟರು ಬೆರಳು ಮಡಿಚುತ್ತ ಹೋದರು. "ಉಪ್ಪು, ಸುಣ್ಣ, ಕಬ್ಬಿಣ, ಚೂರು ಗಂಧಕ. ಆದ್ರ ಅಸಲ್ ತಾಕತ್ತ ಇರೋದು ಎಲುಬಿನ ಪುಡ್ಯಾಗ ನೋಡ್ರಿ!"

ತಲೆತಲಾಂತರದಿಂದ ತತ್ತಿಯ ಸಿಪ್ಪೆ ಸಹ ಹೊಸ್ತಿಲು ದಾಟದ ಮನೆ. ಲಿಂಗ ಕಟ್ಟಿದ ಗೌಡಸಾನಿಯ ಕೈಯಲ್ಲಿ ಡಬ್ಬಿ ತುಂಬ ಎಲುಬು! ಶಿವಕಾಂತಾ ಕಿರುಚಲಿಲ್ಲ. ಸರಕಾರಿ ಮನುಷ್ಯ, ಮೇಲೆ ಮನೆಗೆ ಬಂದ ಅತಿಥಿ. "ಭಾಳ ಉಪಕಾರ ಆತ್ರಿ" ಎಂದು ನಗುತ್ತಲೇ ಬೀಳ್ಕೊಟ್ಟರು. ಡಾಕ್ಟರ ಟಾಂಗಾ ಮೂಲೆ ತಿರುಗಿದ್ದೇ ತಡ, ಡಬ್ಬಿ ದ್ರೌಪದಿಯ ಮುಂದೆ ಬಂದು ಬಿತ್ತು.

"ತಿಪ್ಪ್ಯಾಗ ಹುಗದ ಬಾ ಬೇ. ಮೊಳ ಆಳಕ್ಕ ಹುಗಿ! ಶಿವಶಿವಾ, ಎರಡನೇ ಸಲ ಮೈ ತೊಳಿಬೇಕು ನಾ."

"ಸಾಹೇಬ್ರಿಗಿ ಏನ್ ಹೇಳ್ಲಿರಿ?"

"ಏನೂ ಹೇಳಬ್ಯಾಡ."

"ಕೇಳಿದ್ರ?"

"ನಿನ್ನ ಯಾರ ಕೇಳ್ತಾರ?" ಎಂದರು ಶಿವಕಾಂತಾ, ಬಚ್ಚಲ ಕಡೆ ಓಡುತ್ತ.

ಅದೂ ನಿಜವೇ. ವಾರಕ್ಕೊಮ್ಮೆ ಬಂದು ಮೊಲಗಳ ಮಿಂಚುವ ಕೂದಲು ನೋಡಿ, "ಪುಡಿ ಹ್ಯಾಂಗ ಹಿಡದದ ನೋಡ್ರಿ!" ಎಂದು ಡಾಕ್ಟರು ಗೌಡರಿಗೆ ಹೇಳುತ್ತಿದ್ದರು. "ಗಡ್ಡಿ ಅನ್ರಿ" ಎಂದು ಗೌಡರು ತಿದ್ದುತ್ತಿದ್ದರು. ಗೂಡಿನ ಬಾಗಿಲು ಹಿಡಿದು ನಿಂತವಳನ್ನು ಯಾರೂ ಏನೂ ಕೇಳಲಿಲ್ಲ.

ಉರುಸಿಗೆ ಎರಡು ತಿಂಗಳಿರುವಾಗ ಎದೆ ಒಡೆಯುವಂಥ ಒಂದು ಬೆಳಗು ಬಂತು. ಗೂಡಿನ ನೆಲದ ಮೇಲೆ ಅಲ್ಲಲ್ಲಿ ಕೆಂಪು. ಶಿವಕಾಂತಾ ನೋಡಿದವರೇ "ರಕ್ತ! ರಕ್ತ!" ಎಂದು ಬಾಯಿ ಬಡಿದುಕೊಂಡರು. ಗೌಡರು ಪಂಚೆ ಎತ್ತಿಕೊಂಡು ಓಡಿ ಬಂದರು. ಡಾಕ್ಟರು ಟಾಂಗಾ ನಿಲ್ಲುವ ಮೊದಲೇ ಹಾರಿದರು.

"ಉಪ್ಪು ಅತೀ ಆಗ್ಯದ! ಮೂತ್ರಾಗ ಖೂನ್ ಬಂದದ! ನಿಮ್ಮ ಗಡ್ಡಿ ಕೊಲ್ಲಾಕತ್ತದ ಗೌಡ್ರ!"

"ನಿಮ್ಮ ಪುಡ್ಯಾಗಿನ ಕಬ್ಬಿಣ ರೀ ಅದು, ತುಕ್ಕ ಹಿಡದ ಹೊರಗ ಬರಾಕತ್ತೈತಿ!"

ಶಿವಕಾಂತಾ ದ್ರೌಪದಿಯ ಕಡೆ ತಿರುಗಿ ಇಷ್ಟೇ ಅಂದರು. "ಹೊಸ್ತಿಲ ನೆನಪೈತಿಲ್ಲೋ?"

ದ್ರೌಪದಿ ಗೂಡಿನ ಮುಂದೆ ಕುಕ್ಕರಿಸಿದಳು. ಗೂಡಿನೊಳಗೆ ಕೈ ಚಾಚಿ ಬತ್ತಾಸಿಯನ್ನು ಎತ್ತಿಕೊಂಡಳು. ಮೂಗು ಎಂದಿನಂತೆಯೇ ಕುಣಿಯುತ್ತಿತ್ತು. ಹೊಟ್ಟೆ ಒತ್ತಿದಳು, ಮೆತ್ತಗಿತ್ತು. ಆಗ ಕಣ್ಣಿಗೆ ಬಿದ್ದದ್ದು ಬತ್ತಾಸಿಯಲ್ಲ, ತನ್ನದೇ ಬೆರಳು. ಬೆರಳ ತುದಿಯೆಲ್ಲ ಕೆಂಪು.

"ರಾಜಗಿರಿ ರೀ!" ಎಂದು ಕೂಗಿದಳು. "ನಿನ್ನಿ ಕೆಂಪ ರಾಜಗಿರಿ ಸೊಪ್ಪ ಹೊರಿಗಟ್ಲೆ ಸಿಕ್ತಂತ ಅದನ್ನ ಹಾಕೇನ್ರಿ! ನೋಡ್ರಿ ನನ್ನ ಕೈ! ತಿಂದದ್ದರ ಬಣ್ಣ ಕೆಳಗ ಬಂದೈತಿ, ರಕ್ತ ಅಲ್ರಿ!"

ಗಂಡಸರಿಬ್ಬರೂ ಗಡ್ಡೆ ಮತ್ತು ಪುಡಿಯ ನಡುವೆ ಸಿಕ್ಕಿಕೊಂಡಿದ್ದರು, ಕೇಳಿಸಿಕೊಳ್ಳಲಿಲ್ಲ. ಶಿವಕಾಂತಾ ಕೇಳಿಸಿಕೊಂಡರು. "ಎರಡ ದಿನ ನೋಡ್ತೇನಿ" ಎಂದರು.

ರಾಜಗಿರಿ ನಿಂತಿತು. ಮೊದಲ ದಿನ ನೆಲ ಕಿತ್ತಳೆ. ಎರಡನೆಯ ದಿನ ಎಂದಿನಂತೆ ಸುಣ್ಣದ ನೀರು ಚೆಲ್ಲಿದಂಥ ಬಿಳಿ ಕಲೆ. ಆ ಬಿಳಿ ಕಲೆಯ ಮುಂದೆ ದ್ರೌಪದಿ ಕೈ ಮುಗಿದು ನಿಂತದ್ದನ್ನು ಕೌಲಿ ಆಕಳು ಒಂದೇ ನೋಡಿತು.

ಇನ್ನೊಂದು ತಿಂಗಳು ಹೋಯಿತು. ಒಂದು ಮುಂಜಾನೆ ಬತ್ತಾಸಿ ತನ್ನ ಎದೆಯ ಕೂದಲನ್ನೇ ಬಾಯಿಂದ ಕೀಳುತ್ತ ಕುಳಿತಿತ್ತು. ಬೇರೆ ಯಾರಾದರೂ ಆಗಿದ್ದರೆ ಹುಚ್ಚು ಹಿಡಿಯಿತು ಎನ್ನುತ್ತಿದ್ದರು. ದ್ರೌಪದಿ ಒಂದು ಹಿಡಿ ಮೆತ್ತನ್ನ ಹುಲ್ಲು ತಂದು ಮೂಲೆಯಲ್ಲಿ ಹಾಕಿ, ಗೋಣಿತಟ್ಟು ಮರೆ ಮಾಡಿ, ದೂರ ಸರಿದು ಕುಳಿತಳು. ಬಿಸಿಲು ಗೂಡಿಗೆ ಬೀಳುವ ಹೊತ್ತಿಗೆ ಗೋಣಿಯ ಹಿಂದೆ ಕೂದಲ ರಾಶಿ ತಾನಾಗಿಯೇ ಉಸಿರಾಡುತ್ತಿತ್ತು. ಬೆರಳಿಂದ ಮೆಲ್ಲಗೆ ಸರಿಸಿದಳು. ಒಂದು, ಎರಡು, ನಾಲ್ಕು, ಏಳು! ಕಣ್ಣಿಲ್ಲದ, ಕೂದಲಿಲ್ಲದ, ಹೆಬ್ಬೆರಳಿನಂಥ ಏಳು ಜೀವ!

ದ್ರೌಪದಿ ಅಂದು ಹನ್ನೆರಡು ವರ್ಷದ ನಿಯಮ ಮುರಿದಳು. ಹಿತ್ತಲಿಂದ ಸುತ್ತಿ ಬಂದು, ಮುಂದಿನ ಅಂಗಳದಲ್ಲಿ ನಿಂತು, "ಅವ್ವಾರ, ಏಳ ರೀ! ಏಳ!" ಎಂದು ಕೂಗಿದಳು. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಗೊತ್ತಾಯಿತು. "ಗಡ್ಡಿ ಪ್ರತಾಪ" ಎಂದು ಗೌಡರು ಪೇಡೆ ಹಂಚಿದರು. "ಪುಡಿ ಕರಾಮತ್ತು" ಎಂದು ಡಾಕ್ಟರು ಎರಡು ಪೇಡೆ ತಿಂದರು.

ಉರುಸಿಗೆ ಬೇಗಂ ಬಂದೇ ಬಂದರು. ಮೋಟಾರಿನಿಂದಿಳಿದವರೇ, "ಶಿವಕಾಂತಾ ಬಹನ್, ಮೇರೆ ಖರಗೋಶ್ ಎಲ್ಲಿ ಅವ?" ಎಂದರು. ಗೂಡನ್ನು ಅಂಗಳಕ್ಕೆ ತಂದಿದ್ದರು. ಹಿಂದೆ ನಿಂತ ದ್ರೌಪದಿ ಇವತ್ತು ತನ್ನದೇ ಸೀರೆ ಉಟ್ಟಿದ್ದಳು. ಅದಕ್ಕೆ ಇನ್ನೊಂದು ತೂತಿಗೆ ಜಾಗವಿರಲಿಲ್ಲ. ಶಿವಕಾಂತಾ ಬೇಗಂ ಕೈ ಹಿಡಿದು, ಸತ್ತ ಎರಡರ ಸುದ್ದಿಯನ್ನು ಮೊದಲು ಹೇಳಿ ಅತ್ತರು. ಬೇಗಂ ಕಣ್ಣಲ್ಲೂ ನೀರು ಬಂತು. ಆದರೆ ಗೂಡಿನ ಬಾಗಿಲು ತೆರೆದಾಗ ಏಳು ಮರಿ, ನಾಲ್ಕು ದೊಡ್ಡವು ಒಮ್ಮೆಲೇ ಅಂಗಳ ತುಂಬ ಚೆಲ್ಲಿದವು. ಅತ್ತ ಕಣ್ಣಲ್ಲೇ ಬೇಗಂ ಚಪ್ಪಾಳೆ ತಟ್ಟಿದರು.

"ಆರು ಇಟ್ಟೆ, ಹನ್ನೊಂದು ತಗೋತೀನಿ! ಈ ದೊಡ್ಡದು ಇಷ್ಟು ದಪ್ಪ ಯಾಕ ಆಗ್ಯದ? ಯಾರು ಜಾಸ್ತಿ ತಿಂತಾರ ಇದ್ರಾಗ?"

"ತಾಸಿಲ್ದಾರ ರೀ" ಎಂದುಬಿಟ್ಟಳು ದ್ರೌಪದಿ.

ಶಿವಕಾಂತಾ ನಾಲಿಗೆ ಕಚ್ಚಿಕೊಂಡರು. ಗೌಡರು ಮತ್ತೊಮ್ಮೆ ಗೋಡೆಯ ಕಡೆ ತಿರುಗಿದರು. ಬೇಗಂ ಒಂದು ಕ್ಷಣ ಬೆಪ್ಪಾಗಿ, ಮೊಲ ನೋಡಿ, ತಮ್ಮ ಮನೆಯ ಯಜಮಾನರನ್ನು ನೆನೆದು, ಕಂಬ ಹಿಡಿದುಕೊಂಡು ನಕ್ಕರು. "ಸಹೀ ಬಾತ್! ಬಿಲಕುಲ್ ಸಹೀ!"

ಆ ನಗು ಆರುವ ಮೊದಲೇ ಶಿವಕಾಂತಾ ಮಾತು ಉಳಿಸಿಕೊಂಡರು. ಬೇಗಂ ಕಿವಿಯಲ್ಲಿ ಏನೋ ಹೇಳಿದರು. ಬೇಗಂ ಬಗ್ಗಿ, ಕಾಲ ಬಳಿ ಬಂದ ಬಿಳಿ ಹೆಣ್ಣೊಂದನ್ನು ಎತ್ತಿದರು. ದ್ರೌಪದಿ ಕತ್ತು ಚಾಚಿ ನೋಡಿದಳು. ಬೆಣ್ಣಿ! ಬೇಗಂ ಆಕೆಯ ಮುಖ ನೋಡಿದರು, ಏನು ಕಂಡಿತೋ, ಬೆಣ್ಣಿಯನ್ನು ಇಳಿಸಿ, "ನೀನ ಹಿಡಿ, ನಿನಗ ಬೇಕಾದದ್ದು" ಎಂದರು. ಬತ್ತಾಸಿ ಹಿಡಿಸಿಕೊಳ್ಳಲೂ ಇಲ್ಲ, ತಾನೇ ಬಂದು ಸೆರಗಿನೊಳಗೆ ಮೂಗು ತೂರಿಸಿತು. ಪೇಶಕಾರನನ್ನು ಇನ್ನೊಂದು ಕೈಗೆ ಕೊಟ್ಟರು.

ದ್ರೌಪದಿಗೆ ಆ ಮೇಲೆ ಅಂಗಳದ ಮಾತು ಅರ್ಧ ಮಾತ್ರ ಕೇಳಿಸುತ್ತಿತ್ತು. ಡಾಕ್ಟರು ಹೈದರಾಬಾದಿನ ದೊಡ್ಡ ಸಾಹೇಬರಿಗೆ ವರದಿ ಕಳಿಸಲು ಕಾಗದ, ಪೆನ್ನು ತೆಗೆದಿದ್ದರು. ಗೌಡರು ಅಂಗೈಯಲ್ಲಿ ನೆಲ್ಲಿಕಾಯಿಯಷ್ಟು ಉಳಿದ ಗಡ್ಡೆ ಹಿಡಿದು, "ತೆಂಗಿನಕಾಯಿ ಅಷ್ಟಿತ್ರಿ ಬೇಗಂ ಸಾಹೇಬ್ರ, ಬರಿಸ್ರಿ ಅದನ್ನ" ಎನ್ನುತ್ತಿದ್ದರು. "ಪುಡಿ ಡಬ್ಬಿ ಪೂರಾ ಖಾಲಿ ಆಗ್ಯದ" ಎಂದು ಡಾಕ್ಟರು. ಕೌಲಿ ಆಕಳು ಹಿತ್ತಲಲ್ಲಿ ಅಂಬಾ ಎಂದಿತು. ಶಿವಕಾಂತಾ ಮುಗಿಲು ನೋಡುತ್ತಿದ್ದರು.

"ಅರೇ, ಜಗಳ ಯಾಕ?" ಎಂದರು ಬೇಗಂ. "ಸಾಕಿದಾಕಿ ಇಲ್ಲೇ ನಿಂತಾಳ. ಆಕೀಗೇ ಕೇಳ್ರಿ."

ಎಲ್ಲರೂ ತಿರುಗಿದರು. ಇಷ್ಟು ತಿಂಗಳಲ್ಲಿ ಮೊದಲ ಸಲ. ಶಿವಕಾಂತಾ ಮುಗಿಲು ಬಿಟ್ಟು ದ್ರೌಪದಿಯ ಕಣ್ಣನ್ನೇ ನೋಡಿದರು. ದ್ರೌಪದಿ ತಿಪ್ಪೆಯನ್ನೂ ನೆನೆದಳು, ಆಕಳನ್ನೂ ನೆನೆದಳು, ಎರಡನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡಳು. ಎರಡು ಮೊಲಗಳನ್ನು ಎದೆಗವಚಿಕೊಂಡಳು.

"ಹೇಳವಾ," ಎಂದರು ಡಾಕ್ಟರು, ಪೆನ್ನನ್ನು ಕಾಗದಕ್ಕೆ ಊರಿ. "ಖರೇ ಹೇಳು. ಇವು ಚಿಗತದ್ದು ಗೌಡ್ರ ಉಪ್ಪಿಲೇನೋ, ನನ್ನ ಪುಡೀಲೇನೋ?"

"ಅದೇನೋ ನನಗ ಗೊತ್ತಿಲ್ರಿ ಸಾಹೇಬ್ರ. ನಾ ದಿನಾ ಕುಡಿಸಿದ್ದು ನಮ್ಮ ಕೇರಿ ಬಾವಿ ನೀರು, ಅದ ಉಪ್ಪೈತಿ. ಊರ ಸಿಹಿ ಬಾವಿಗಿ ನಮ್ಮನ್ನ ಬಿಟ್ಟಿದ್ರ ಸಿಹಿ ನೀರೇ ಕುಡಸ್ತಿದ್ದೆ."